ಬಾಯಿ ಮುಚ್ಚಿಸುವ ವಿದ್ಯೆ

ಸೈರನ್‌ನ ನಾದಿನಿಗೆ ಮೂರು ತಿಂಗಳ ಸಂಬಳ ಇನ್ನೂ ಬಾಕಿ. ಕೈ ಸುಟ್ಟುಕೊಂಡು ಮನೆಯಲ್ಲಿ ಬಿದ್ದಿದ್ದ ದಿನಗಳ ಸಂಬಳ. ಕೊಡುವುದಿಲ್ಲ ಅನ್ನೋದಕ್ಕೆ ಲಾಂಡ್ರಿಯ ಆಡಳಿತದವರ ಹತ್ತಿರ ಭಾರಿ ಸಾಕ್ಷಿ ಇದೆ: ಗೇಟಿನ ಪಕ್ಕದ ಬೋರ್ಡು. ಅದರ ಮೇಲೆ ಆ ತಿಂಗಳು ‘ಅಪಘಾತವಿಲ್ಲ’ ಅಂತ ಬರೆದಿದೆ. ಬೋರ್ಡು ಎಲ್ಲಾದರೂ ಸುಳ್ಳು ಹೇಳುತ್ತದೆಯೇ, ಸುಟ್ಟ ಕೈ ತಾನೇ ಸುಳ್ಳು ಹೇಳೋದು.

ಸೈರನ್ ಅಂದರೆ ಆ ಲಾಂಡ್ರಿಯ ಸೂಪರ್‌ವೈಸರ್. ಅವನ ಕೂಗಾಟಕ್ಕೆ ಜನ ಇಟ್ಟ ಹೆಸರು ಅದು, ಅಪ್ಪ ಅಮ್ಮ ಇಟ್ಟ ಹೆಸರು ಅವನ ಸಂಬಳದ ಚೀಟಿಗಷ್ಟೇ ಗೊತ್ತು. ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆ ಒಗೆದು, ಬಿಸಿ ರೋಲರಿನಲ್ಲಿ ಹಾಯಿಸಿ, ಮಡಚಿ ಕಳಿಸುವ ಜಾಗ ಅದು. ಇವನೂ ಒಂದು ಕಾಲಕ್ಕೆ ಅಲ್ಲೇ ಒದ್ದೆ ಬಟ್ಟೆಯ ಗಾಡಿ ತಳ್ಳಿದವನು. ಆಗಿನ ಸೂಪರ್‌ವೈಸರ್ ಬೈದಾಗಲೆಲ್ಲ ಇವನ ಗಾಡಿ ಓಡುತ್ತಿತ್ತು. ಮೇಲೆ ಬಂದಮೇಲೆ ಇವನೂ ಕೂಗಿದ, ಜನ ಓಡಿದರು. ತಾನು ಆಚೆ ಹೋದಕೂಡಲೇ ಮತ್ತೆ ನಿಧಾನವಾದರು ಅನ್ನೋದು ಕಾಣಲಿಲ್ಲ, ಬೆನ್ನಿಗೆ ಕಣ್ಣಿಲ್ಲವಲ್ಲ. ತಾನು ಜನರನ್ನು ಪಳಗಿಸಿದ್ದೇನೆ ಅಂತ ಬೀಗುತ್ತಿದ್ದ. ಅಸಲಿಗೆ ಜನರೇ ಅವನನ್ನು ಪಳಗಿಸಿದ್ದರು. ಕೂಗಿದಾಗ ಮಾತ್ರ ಓಡಿ ತೋರಿಸಿ, ಕೂಗೋ ಚಟ ಹತ್ತಿಸಿದ್ದರು.

ಒಮ್ಮೆ ಆಡಳಿತದವರು ಅವನನ್ನು ತರಬೇತಿಗೆ ಕಳಿಸಿದರು. ತಣ್ಣಗಿನ ಕೋಣೆ, ತಟ್ಟೆ ತುಂಬ ಬಿಸ್ಕತ್ತು, ಮನಶ್ಶಾಸ್ತ್ರ ಓದಿದ ಒಬ್ಬ ಮೇಷ್ಟ್ರು. ಅವರು ಹೇಳಿದ್ದು ಸರಳ, ಮತ್ತು ನಿಜ. ಒಂದು ಕೆಲಸ ಮಾಡಿದ ಬೆನ್ನಿಗೇ ಬೇಕಾದ್ದು ಸಿಕ್ಕರೆ ಮನುಷ್ಯ ಅದನ್ನೇ ಮತ್ತೆ ಮತ್ತೆ ಮಾಡುತ್ತಾನೆ. ಪುಸ್ತಕದವರು ಇದನ್ನು ಪುನರ್ಬಲನ ಅಂತಾರೆ. ಬೆನ್ನಿಗೇ ಏಟು ಬಿದ್ದರೆ ಕಮ್ಮಿ ಮಾಡುತ್ತಾನೆ, ಅದು ಶಿಕ್ಷೆ. ಮೊದಲು ಸಿಗುತ್ತಿದ್ದದ್ದು ನಿಂತೇಹೋದರೆ ಆ ಅಭ್ಯಾಸ ತಾನಾಗೇ ಸೊರಗುತ್ತದೆ. ಹಾಗಾಗಿ ನೀವು ಬಹುಮಾನ ಕೊಡ್ತಿರೋದು ಯಾವುದಕ್ಕೆ, ನಿಮ್ಮ ಏಟು ಬೀಳ್ತಿರೋದು ಯಾವುದರ ಮೇಲೆ, ಕಣ್ಣುಬಿಟ್ಟು ನೋಡಿಕೊಳ್ಳಿ ಅಂತ ಮೇಷ್ಟ್ರು ಒತ್ತಿ ಹೇಳಿದರಂತೆ. ಆ ಹೊತ್ತಿಗೆ ನಮ್ಮ ಸೈರನ್ ಎರಡನೇ ತಟ್ಟೆ ಬಿಸ್ಕತ್ತಿನಲ್ಲಿ ಮುಳುಗಿದ್ದ.

ಬಹುಮಾನ ಅನ್ನೋದೊಂದು ತಲೆಗೆ ಹೋಗಿತ್ತು. ಬಂದವನೇ ಗೇಟಿನ ಹತ್ತಿರ ಬೋರ್ಡು ಹೊಡೆಸಿದ. ತಿಂಗಳಿಡೀ ಅಪಘಾತದ ದೂರು ಬರದಿದ್ದರೆ ಪಾಳಿಯವರಿಗೆಲ್ಲ ತಲೆಗೊಂದು ಸ್ಟೀಲ್ ಫ್ಲಾಸ್ಕ್. ಅಪಘಾತ ಆಗಬಾರದು ಅಂತಲ್ಲ, ದೂರು ಬರಬಾರದು ಅಂತ. ಬಾಯಿ ಮುಚ್ಚಿಕೊಂಡಿರೋದಕ್ಕೆ ಬಹುಮಾನ.

ರೋಲರಿನ ಮುಂದೆ ಒಂದು ತಡೆಪಟ್ಟಿ ಇರುತ್ತದೆ. ಕೈ ತಾಗಿದರೆ ಮೆಷಿನ್ ನಿಲ್ಲಬೇಕು. ಅದು ಒಮ್ಮೆ ನಿಲ್ಲಿಸುತ್ತಿತ್ತು, ಒಮ್ಮೆ ಇಲ್ಲ. ಮೆಷಿನ್ ರಿಪೇರಿ ಮಾಡುವ ಫಿಟ್ಟರ್ ಹೋಗಿ ಸೈರನ್‌ಗೆ ಹೇಳಿದ. ಹೋಟೆಲಿನ ಆರ್ಡರ್ ನಿಂತರೆ ನಿನ್ನಪ್ಪ ತಂದು ಕೊಡ್ತಾನಾ ಅಂತ ಎಲ್ಲರ ಮುಂದೆ ಉಗಿಸಿಕೊಂಡು ಬಂದ. ಪಟ್ಟಿ ಕೆಟ್ಟೇ ಇತ್ತು, ಫಿಟ್ಟರ್ ಮಾತ್ರ ಸರಿಹೋದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬಟ್ಟೆ ಮಡಚುವವಳಿಗೆ ಬೆರಳು ಸುಟ್ಟು ಗುಳ್ಳೆ ಎದ್ದಿತು. ಅವಳ ಬಾಯಿ ಮುಚ್ಚಿಸೋಕೆ ಸೈರನ್ ಬರಬೇಕಾಗಲಿಲ್ಲ, ಪಕ್ಕದವರೇ ಸಾಕಾದರು.

“ಸುಮ್ನಿರು ಅಕ್ಕ. ಒಂದು ಗುಳ್ಳೆಗೆ ಎಲ್ಲರ ಫ್ಲಾಸ್ಕ್ ಕಳೀತೀಯಾ?”

ಅವಳು ಗುಳ್ಳೆಗೆ ಟೂತ್‌ಪೇಸ್ಟ್ ಮೆತ್ತಿಕೊಂಡು ಸುಮ್ಮನಾದಳು. ಫ್ಲಾಸ್ಕ್ ಬಂತು. ಕಾರ್ಮಿಕ ಸಂಘದ ಸಭೆಗೂ ಅದರಲ್ಲೇ ಚಹಾ ತಂದರು, ನಮ್ಮ ಮುಖಂಡರು ಚಪ್ಪರಿಸಿಕೊಂಡು ಕುಡಿದರು. ನಾಚಿಕೆ ಯಾರಿಗೂ ಆಗಲಿಲ್ಲ.

ರೋಲರಿಗೆ ಬಟ್ಟೆ ಕೊಡುತ್ತಿದ್ದವಳು ಸೈರನ್‌ನ ಹೆಂಡತಿಯ ತಂಗಿ. ಕಾರ್ಖಾನೆಯಲ್ಲಿ ಹೇಳಿದರೆ ಮರ್ಯಾದೆ ಹೋಗುತ್ತೆ ಅಂತ ಅಕ್ಕನ ಮನೆಗೆ ಊಟಕ್ಕೆ ಹೋದಾಗ ಪಟ್ಟಿಯ ಮಾತು ತೆಗೆದಿದ್ದಳು. ಮನೇಲೂ ನೆಮ್ಮದಿಯಾಗಿ ಒಂದು ತುತ್ತು ತಿನ್ನೋಕೆ ಬಿಡಲ್ವಾ ಅಂತ ಇವನು ತಟ್ಟೆ ನೂಕಿ ಎದ್ದ. ಅಕ್ಕನೂ ತಂಗಿಯ ಕಡೆಗೇ ಕಣ್ಣು ಬಿಟ್ಟಳು. ಅಲ್ಲಿಗೆ ಅವಳೂ ಕಲಿತಳು.

ಆಮೇಲೊಂದು ದಿನ ಒದ್ದೆ ಚಾದರದ ಮೂಲೆ ಅವಳ ಬೆರಳಿಗೆ ಸುತ್ತಿಕೊಂಡು ಕೈಯನ್ನೇ ಎಳೆಯಿತು. ಪಟ್ಟಿ ಕೆಲಸ ಮಾಡಲಿಲ್ಲ. ಫಿಟ್ಟರ್ ಓಡಿಹೋಗಿ ಮೇನ್ ಸ್ವಿಚ್ ಕೆಡವಿದ. ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದಿದ್ದಾಗ ಸೈರನ್ ಬಂದ. ಬಂದು ಮಾಡಿದ್ದೇನು, ಕೂಗಿದ. ಪಟ್ಟಿ ಕೆಟ್ಟಿದೆ ಅಂತ ಒಬ್ಬರಾದರೂ ಯಾಕೆ ಹೇಳಲಿಲ್ಲ ಅಂತ ಕೂಗಿದ.

“ಹೇಳಿದ್ದೆ ಭಾವ,” ಅಂದಳು ಅವಳು. “ನೀವು ಊಟ ಬಿಟ್ಟು ಎದ್ದಿರಿ.”

ಆ ಮಾತಿಗೆ ಅವನ ಮುಖ ಇಳಿಯಿತು, ನಿಜ. ಆದರೂ ಸಂಜೆ ಆಡಳಿತದವರು ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿದ: ಮನೆಯಲ್ಲಿ ಇಸ್ತ್ರಿ ಮಾಡುವಾಗ ಕೈ ಸುಟ್ಟಿದೆ. ಫ್ಲಾಸ್ಕಿನವರು ಹೌದು ಹೌದು ಅಂತ ತಲೆಯಾಡಿಸಿದರು. ಅವಳ ಎರಡು ಬೆರಳು ಈಗ ಮಡಚುವುದಿಲ್ಲ.

ಹೆಂಡತಿ ಮಾತು ಬಿಟ್ಟಮೇಲೆ ಸೈರನ್ ಮೆತ್ತಗಾಗಿದ್ದಾನೆ. ಮೆಷಿನ್ ಮೆಷಿನ್ ಹತ್ತಿರ ನಿಂತು, ಏನಾದರೂ ತೊಂದರೆ ಇದೆಯಾ ಅಂತ ವಿಚಾರಿಸುತ್ತಾನೆ. ಇಲ್ಲ ಸಾರ್ ಅಂತಾರೆ. ವರ್ಷಗಟ್ಟಲೆ ಕಲಿಸಿದ್ದು ಈಗಿನ ಬೆಣ್ಣೆ ಮಾತಿಗೆ ಕರಗುತ್ತದೆಯೇ? ಮೊನ್ನೆ ಮಾತ್ರ, ಹಳೆಯದೇನೂ ಗೊತ್ತಿಲ್ಲದ ಹೊಸ ಹೆಂಗಸೊಬ್ಬಳು ತಾನಾಗೇ ಹೋಗಿ ಹೇಳಿದಳು.

“ಸಾರ್, ಪಟ್ಟಿ ಅಂಟಿಕೊಳ್ತಿದೆ, ಕೈ ತಾಗಿದ್ರೂ ಮೆಷಿನ್ ನಿಲ್ತಿಲ್ಲ.”

“ಬೆಳಗ್ಗೆ ಬೆಳಗ್ಗೆ ನಿಂದೊಂದು ರಗಳೆ.”

ಬಾಯಿಂದ ಬಿದ್ದುಹೋಗಿತ್ತು. ತಕ್ಷಣ ನಾಲಿಗೆ ಕಚ್ಚಿಕೊಂಡು, ಏನಂದೆ ತಾಯಿ, ಇನ್ನೊಂದು ಸಲ ಹೇಳು ಅಂತ ಹಲ್ಲುಗಿಂಜಿದ.

“ಏನಿಲ್ಲ ಸಾರ್,” ಅಂದಳು. ಹೋಗಿ ರೋಲರಿಗೆ ಚಾದರ ಕೊಡತೊಡಗಿದಳು.

ಇವನ ಮೇಲೆ ನಕ್ಕು ಕೈತೊಳೆದುಕೊಳ್ಳಬೇಡಿ. ನಿಮ್ಮ ಕೈಕೆಳಗೂ ಯಾರೋ ಇದ್ದಾರೆ: ಕಚೇರಿಯ ಗುಮಾಸ್ತ, ಮನೆಗೆಲಸದಾಕೆ, ಹೊತ್ತು ಮುಳುಗಿದಮೇಲೆ ಮನೆಗೆ ಬರುವ ಮಗಳು. ಹೋದ ಸಲ ಅವರು ಕೆಟ್ಟ ಸುದ್ದಿ ತಂದಾಗ ನಿಮ್ಮ ಬಾಯಿಂದ ಮೊದಲು ಬಂದದ್ದೇನು? ಇವತ್ತೇ ಅವರ ಹತ್ತಿರ ಹೋಗಿ, ನನಗೆ ಹೇಳದೆ ಬಿಟ್ಟಿದ್ದೇನು ಅಂತ ಕೇಳಿ. ಕೇಳಿದಮೇಲೆ, ಅವರು ಹೇಳಿ ಮುಗಿಸುವ ತನಕ ತುಟಿ ಬಿಚ್ಚಬೇಡಿ.