ಹುಂಜ ಕೂಗದ ದಿನ

ಜರ್ಮನಿಯ ಲಡಾಯಿ ಮುಗಿಯುವುದಕ್ಕೆ ಇನ್ನೊಂದು ವರ್ಷ ಇತ್ತು. ನಾಗರ ಪಂಚಮಿಯ ಹಿಂದಿನ ದಿನ. ನಾನು ಹುಮನಾಬಾದಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ತವರು ಕಲ್ಯಾಣಿ. ಈಗ ಬಸವಕಲ್ಯಾಣ ಅನ್ನುತ್ತಾರೆ, ನಿಜಾಮನ ಕಾಲದಲ್ಲಿ ನಮಗೆಲ್ಲ ಅದು ಕಲ್ಯಾಣಿಯೇ. ನಾನು ಕಲಿತದ್ದು ಅಕ್ಷರ ಕೂಡಿಸಿ ಓದುವಷ್ಟು. ಬರೆಯುವ ರೂಢಿ ಇಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಮನೆಯವರು ಧಾನ್ಯದ ದಲಾಲಿ ಮಾಡುವ ಅಡತ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಹಳ್ಳಿಹಳ್ಳಿಗೆ ಹೋಗಿ ಜೋಳ, ತೊಗರಿ ನೋಡಿ ಬರುವ ಕೆಲಸ. ಅದಕ್ಕೆ ಸಾಹುಕಾರರು ಒಂದು ಫಟಫಟಿ ಕೊಟ್ಟಿದ್ದರು. ಮೋಟರ್ ಸೈಕಲ್ಲಿಗೆ ನಮ್ಮ ಕಡೆ ಹಾಗೇ ಅನ್ನುವುದು. ಮಗ್ಗುಲಲ್ಲಿ ಒಬ್ಬರು ಕೂಡುವಂಥ ತೊಟ್ಟಿಲು, ಎಣ್ಣೆಯ ಟಾಕಿಯ ಮೇಲೆ ಕಂಪನಿಯವರು ಬರೆದ ಒಂದು ಹುಂಜದ ಚಿತ್ರ. ಕಂಪನಿಯ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಹುಂಜದ ಗಾಡಿ ಅಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಇನ್ನೊಂದು ಕಂಪನಿಯದಕ್ಕೆ ಕುದುರೆಯ ಚಿತ್ರ. ಅದು ಕುದುರೆ ಗಾಡಿ. ಎರಡೂ ಊರು ಕೂಡಿಸಿದರೂ ಫಟಫಟಿಗಳು ಒಂದು ಕೈಯ ಬೆರಳಿನಷ್ಟು. ಅಷ್ಟಕ್ಕೇ ಎರಡು ಪಂಗಡ.

ಹುಂಜದವರು ಕಂಜೂಸರು, ಹೋದಲ್ಲೆಲ್ಲ ಎಣ್ಣೆ ಸೋರಿಸುವವರು ಎಂದು ಕುದುರೆಯವರು ಆಡಿಕೊಳ್ಳುತ್ತಿದ್ದರು. ಕುದುರೆಯವರು ಶೋಕಿಯವರು, ಸೊಕ್ಕಿನವರು, ದಾರಿಯಲ್ಲಿ ಯಾರು ಬಿದ್ದರೂ ಹಿಂತಿರುಗಿ ನೋಡದವರು ಎಂದು ಹುಂಜದವರು. ಎದುರುಬದುರಾದರೆ ಮಾತಿಲ್ಲ, ಧೂಳು ಎಬ್ಬಿಸಿ ಹೋಗುವುದಷ್ಟೇ. ನಮ್ಮ ಮನೆಯವರಂತೂ ಕುದುರೆ ಗಾಡಿಯನ್ನು ಕೈಯಿಂದಲೂ ಮುಟ್ಟುತ್ತಿರಲಿಲ್ಲ. ಗಾಡಿ ಸಾಹುಕಾರರದು, ಸೊಕ್ಕು ಮಾತ್ರ ಇವರದು. ಲಡಾಯಿಯಿಂದ ಪೆಟ್ರೋಲ್ ಸಿಗುವುದು ಕಷ್ಟವಾದಾಗ ದೀಪಕ್ಕೆ ಹಾಕುವ ಚಿಮಣಿ ಎಣ್ಣೆಯನ್ನು ಅರ್ಧ ಬೆರೆಸಿ, "ನಮ್ಮ ಹುಂಜ ಏನ್ ಕುಡದ್ರೂ ಕೂಗತದ" ಎಂದು ಮೀಸೆ ತಿರುವುತ್ತಿದ್ದರು.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ಸುಮ್ಮನೆ ಎದ್ದು ಹೋಗುವಂತಿಲ್ಲ. ತವರಿನಿಂದ ಅಣ್ಣನೋ ತಮ್ಮನೋ ಕುಬಸಕ್ಕೆ ಕಣದ ಬಟ್ಟೆ, ಉಂಡಿ ತಂದು ಕರೆಯಬೇಕು. ನನಗೆ ಅಪ್ಪ ಇಲ್ಲ, ಒಡಹುಟ್ಟಿದವರಿಲ್ಲ. ಹಿಂದಿನ ವರ್ಷ ಕರೆಯಲು ಬಂದಿದ್ದ ಸೋದರಮಾವ ಗಿರಣಿ ಕೆಲಸಕ್ಕೆಂದು ಸೋಲಾಪುರ ಸೇರಿದ್ದ. ಓಣಿಯ ಸೊಸೆಯಂದಿರೆಲ್ಲ ಹೋಗಿಯಾಗಿತ್ತು. ನಾನೊಬ್ಬಳು ಒಲೆಯ ಮುಂದೆ ಕುಳಿತು ಹಬ್ಬಕ್ಕೆ ಜೋಳದ ಅಳ್ಳು ಹುರಿಯುತ್ತಿದ್ದೆ. ಅಳು ಬಂದಿತ್ತು, ಅಳಲಿಲ್ಲ. ಹೊಗೆ ಇತ್ತು, ಕಣ್ಣೀರು ಅದರ ಲೆಕ್ಕಕ್ಕೆ ಹೋಯಿತು.

ಮುಂಜಾನೆಯ ಊಟದ ಹೊತ್ತಿಗೆ ಬಾಗಿಲಲ್ಲಿ ಫಟಫಟಿ ನಿಂತ ಸದ್ದಾಯಿತು. ಹುಂಜದ್ದು ತಡೆದು ತಡೆದು ಕೆಮ್ಮುವ ಸದ್ದು. ಇದು ಒಂದೇ ಸಮನೆ ಗುರುಗುಟ್ಟುವ ಕುದುರೆಯದು. ನಮ್ಮ ಮನೆಯವರು ಉಣ್ಣುವ ಕೈ ತಡೆದು, "ಇವನಿಗೇನ್ ಕೆಲಸ ಇಲ್ಲಿ?" ಅಂದರು.

ಬಂದವರು ಕಲ್ಯಾಣಿಯ ಇಸ್ಮಾಯಿಲ್ ಸಾಬರು. ಕಂತ್ರಾಟದಾರರೊಬ್ಬರ ಹತ್ತಿರ ಗಾಡಿ ಹೊಡೆಯುತ್ತಿದ್ದರು. ಮನೆ ನಮ್ಮ ತವರಿನ ಓಣಿಯಲ್ಲೇ ಇದ್ದರೂ ನಾನು ಅವರೊಂದಿಗೆ ಒಂದು ಮಾತೂ ಆಡಿದವಳಲ್ಲ. ಟೊಪ್ಪಿಗೆ ಸರಿಮಾಡಿಕೊಂಡು ಹೊಸ್ತಿಲ ಹೊರಗೇ ನಿಂತು ಅತ್ತೆಗೆ ಹೇಳಿದರು:

"ಅಮ್ಮಾ, ನಿಮ್ಮ ಸೊಸಿ ಅವ್ವಗ ಆರಾಮಿಲ್ರಿ. ಜ್ವರ ಬಿಡವಲ್ದು. ಮಗಳ ಹೆಸರೇ ಹಿಡದಾರ. ಕಳಸ್ರಿ."

ನಾನು ಅಳ್ಳಿನ ಬುಟ್ಟಿ ಅಲ್ಲೇ ಬಿಟ್ಟು ಎದ್ದು ನಿಂತೆ. ಅತ್ತೆ ಕಟ್ಟುನಿಟ್ಟಿನ ಹೆಂಗಸು. "ಕಳಸಲಿಕ್ಕ ನಾ ಬ್ಯಾಡ ಅನ್ನಂಗಿಲ್ಲಪ್ಪ. ಖರೇ, ಕರಿಯೋರು ಯಾರು? ಕರೀದ ಹೋದ್ರ ನಾಳೆ ಮಂದಿ ಇಕೀಗೇ ಆಡ್ತಾರ, ತವರಾಗ ಗತಿಯಿಲ್ಲ ಅಂತ."

"ನಾನೇ ಕರಿಯಾಕ ಬಂದೀನ್ರಿ. ಅಣ್ಣ ಅಂತ ತಿಳೀರಿ."

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಜಾತಿ ಕೇಳುತ್ತಾಳೇನೋ ಎಂದು ಹೆದರಿದೆ. ಅವಳು ಕೇಳಿದ್ದು ಬೇರೆ.

"ಅಣ್ಣ ಆದ್ರ ಕಣ ಎಲ್ಲಿ?"

ಇಸ್ಮಾಯಿಲ್ ಸಾಬರು ಹೋಗಿ ತೊಟ್ಟಿಲಿನಿಂದ ಒಂದು ಗಂಟು ತಂದರು. ಹಸಿರು ಕಣ, ಒಂದು ಬಟ್ಟಲು ಕೊಬ್ಬರಿ, ಶೇಂಗಾ ಉಂಡಿ. "ಉಂಡಿ ನಮ್ಮಮ್ಮ ಕಟ್ಯಾಳ್ರಿ. ನಿಮ್ಮ ಬೀಗತಿ ಮಲಕೊಂಡಲ್ಲಿಂದ್ಲೇ ಬೆಲ್ಲದ ಪಾಕ ಹ್ಯಾಂಗ ಅಂತ ಹೇಳಿಕೊಟ್ಟಾರ. ಜರಾ ಗಟ್ಟಿ ಆಗ್ಯಾವ. ಹಲ್ಲು ಜೋಪಾನ್ರಿ."

ಅತ್ತೆ ನಕ್ಕಳು. "ಹೋಗು, ಸೀರಿ ಬದಲಿ ಮಾಡು" ಅಂದಳು ನನಗೆ. ರಿವಾಜು ರಿವಾಜಿನಂತೆ ನಡೆದಿತ್ತು, ಅವಳಿಗೆ ಅಷ್ಟು ಸಾಕು.

ಸಾಕಾಗದವರು ನಮ್ಮ ಮನೆಯವರು. ಕೈ ತೊಳೆದು ಬಂದು, "ಹೋಗಲಿ, ನಾ ಎಲ್ಲಿ ಬ್ಯಾಡ ಅಂದೆ? ಖರೇ, ಕುದುರಿ ಗಾಡ್ಯಾಗ ನನ್ನ ಹೆಂಡ್ತಿ ಕೂಡಂಗಿಲ್ಲ. ನಾ ಬಿಟ್ಟು ಬರ್ತೀನಿ" ಅಂದರು.

"ಗಂಡ ಬಿಟ್ಟು ಬಂದ್ರ ಅದು ಕಳಿಸಿದಂಗ ಆತು. ಕರದಂಗ ಹ್ಯಾಂಗ ಆತದ?" ಅಂದಳು ಅತ್ತೆ.

ಕೊನೆಗೆ ಹೀಗೆ ತೀರ್ಮಾನವಾಯಿತು: ಕರೆಯಲು ಬಂದ ಅಣ್ಣ ತನ್ನ ಕುದುರೆಯ ಮೇಲೆ ಮುಂದೆ, ಹಿಂದೆ ಹುಂಜದ ತೊಟ್ಟಿಲಲ್ಲಿ ನಾನು. ನನಗೆ ಮೈ ಉರಿಯಿತು. ಅಲ್ಲಿ ಅವ್ವ ಮಲಗಿದ್ದಾಳೆ, ಇಲ್ಲಿ ಇವರಿಗೆ ಹುಂಜ, ಕುದುರೆ.

ಆ ದಿನ ಹುಂಜ ಏಳಲೊಲ್ಲದು. ನಮ್ಮ ಮನೆಯವರು ಒದ್ದರು, ಮತ್ತೆ ಒದ್ದರು. ಧೋತರದ ಕಚ್ಚೆ ಬಿಚ್ಚಿತು, ಕಟ್ಟಿಕೊಂಡು ಒದ್ದರು. ಓಣಿಯವರೆಲ್ಲ ಕಟ್ಟೆಗೆ ಬಂದು ಕುಳಿತರು. ಇಸ್ಮಾಯಿಲ್ ಸಾಬರು ಮಾತ್ರ ಬೇಕೆಂದೇ ಆಚೆ ಮುಖ ಮಾಡಿ ಬೇವಿನ ಗಿಡ ನೋಡುತ್ತ ನಿಂತಿದ್ದರು. ಅತ್ತೆಗೆ ತಡೆಯಲಾಗಲಿಲ್ಲ.

"ನಿನ್ನ ಹುಂಜ ಕೂಗಲಿಲ್ಲಂದ್ರ ಬೆಳಗೇ ಆಗಂಗಿಲ್ಲೇನೋ ಖೋಡಿ? ಆ ಗಾಡ್ಯಾಗ ಕುಂಡ್ರಿಸಿ ಕಳಸು."

ಅದೇ ಹೊತ್ತಿಗೆ ಹುಂಜ ಕೆಮ್ಮಿ ಹೊಗೆ ಉಗುಳಿತು. ಇವರು ಗೆದ್ದವರಂತೆ ನನ್ನ ಕಡೆ ನೋಡಿದರು. ನಾನು ನೋಡಲಿಲ್ಲ.

ಖಡಿಕಲ್ಲಿನ ರಸ್ತೆ. ತುಂತುರು ಮಳೆ ಬಂದು ನಿಂತಿತ್ತು. ಇಸ್ಮಾಯಿಲ್ ಸಾಬರ ಗಾಡಿ ಮುಂದೆ ಹೋಗಿ ತಿರುವಿನಲ್ಲಿ ಮರೆಯಾಯಿತು. ರಾಜೇಶ್ವರ ಊರು ದಾಟಿ ಸ್ವಲ್ಪ ದೂರ ಹೋದದ್ದೇ ನಮ್ಮ ಗಾಡಿ ಎರಡು ಸಲ ಬಿಕ್ಕಿ ನಿಂತುಬಿಟ್ಟಿತು. ಸುತ್ತ ಹೆಸರಿನ ಹೊಲ, ನರಮನುಷ್ಯರಿಲ್ಲ. ಇವರು ಇಳಿದರು, ಬಗ್ಗಿದರು, ಏನೋ ಬಿಚ್ಚಿ ಊದಿದರು. ಚಿಮಣಿ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು.

"ಕೂಗಂತ ಹೇಳ್ರಿ ನಿಮ್ಮ ಹುಂಜಕ್ಕ" ಅಂದೆ.

ಇವರು ಊದುವುದು ನಿಲ್ಲಿಸಿದರು. ಖಾಲಿ ರಸ್ತೆಯ ಕಡೆ ಕೈ ತೋರಿಸಿ, "ನೋಡು, ಹೋದಾ. ನಾ ಹೇಳ್ತಿದ್ದಿಲ್ಲೇನ? ಕುದುರಿಯವರು ಹಿಂದ ಹೊಳ್ಳಿ ನೋಡೋ ಜಾತಿ ಅಲ್ಲ" ಅಂದರು. ಅಣ್ಣನೆಂದು ಬಂದವನು ಹೀಗೆ ಬಿಟ್ಟು ಹೋದನಲ್ಲ ಎಂದು ನಾನೂ ನಂಬಿದೆ. ಅವ್ವನ ಮುಖ ನೋಡುವುದು ಇನ್ನು ಆಗುವುದಿಲ್ಲ ಅನ್ನಿಸಿತು. ನಡೆದೇ ಹೋಗುತ್ತೇನೆಂದು ಇಳಿದು ಸೀರೆ ಎತ್ತಿ ಕಟ್ಟಿದೆ.

ಆಗ ಗುರುಗುಟ್ಟುವ ಸದ್ದು ಕೇಳಿಸಿತು. ಇಸ್ಮಾಯಿಲ್ ಸಾಬರು ಹೊರಳಿ ಬರುತ್ತಿದ್ದರು.

"ಹಿಂದ ನಿಮ್ಮ ಸದ್ದು ಬಂದ್ ಆತು" ಅಂದರು. "ಅದನ್ನ ಕೇಳ್ಕೋತನೇ ಹೊಂಟಿದ್ದೆ. ಊರಾಗ ಬಿಟ್ಟಾಗಿಂದ ಕೆಮ್ಮಾಕತ್ತಿತ್ತು, ಕಲ್ಯಾಣಿ ತನಕ ಬರ್ತದ ಅಂತ ನನಗ ಧೈರ್ಯ ಇದ್ದಿಲ್ಲ."

ನಮ್ಮ ಮನೆಯವರು ತಲೆ ಎತ್ತಲಿಲ್ಲ. ಕೈಗೆಲ್ಲ ಎಣ್ಣೆ ಮಸಿ. ಇಸ್ಮಾಯಿಲ್ ಸಾಬರು ನನ್ನನ್ನು ಬಾ ಎಂದು ಕರೆಯಲೂ ಇಲ್ಲ, ಗಾಡಿ ಆರಿಸಲೂ ಇಲ್ಲ. ಇವರು ಏನನ್ನುತ್ತಾರೋ ಎಂದು ಕಾದು ಕುಳಿತರು. ನಾನು ಎತ್ತಿ ಕಟ್ಟಿದ ಸೀರೆ ಇಳಿಸಿಕೊಂಡೆ.

ನಮ್ಮ ಮನೆಯವರು ಎದ್ದರು. ಕುದುರೆ ಗಾಡಿಯ ಹತ್ತಿರ ಹೋದರು. ಮಳೆಗೆ ತೊಟ್ಟಿಲಿನ ಆಸನ ತೊಯ್ದಿತ್ತು. ತಮ್ಮ ಧೋತರದ ಚುಂಗಿನಿಂದ ಅದನ್ನು ಒರೆಸಿದರು, ಮೂಲೆಮೂಲೆ ಬಿಡದೆ ಒರೆಸಿದರು. ಆ ಗಾಡಿಯನ್ನು ಅವರು ಮುಟ್ಟಿದ್ದು ಅದೇ ಮೊದಲು. ಆಮೇಲೆ ತಲೆಯ ರುಮಾಲು ಬಿಚ್ಚಿ ನನಗೆ ಕೊಟ್ಟು, "ಕಿವಿ ಕಟ್ಟಿಕೋ, ಗಾಳಿ ಅದ" ಅಂದರು. ಇಸ್ಮಾಯಿಲ್ ಸಾಬರಿಗೆ, "ಸಾವಕಾಶ ಹೋಗ್ರಿ" ಅಂದರು. ಅಷ್ಟೇ. ನಮ್ಮ ಮನೆಯವರು ಬಾಯಿ ಬಿಟ್ಟು ಪ್ರೀತಿ ಹೇಳಿದವರಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಆ ಆಸನ ಒರೆಸಿದ್ದನ್ನು ಮಾತ್ರ ಮರೆತಿಲ್ಲ.

ಅವ್ವನಿಗೆ ಕಣ್ಣು ಮಂಜಾಗಿ ಬಹಳ ದಿನವಾಗಿತ್ತು. ಕಿವಿ ಚುರುಕು. ನಮ್ಮ ಮನೆಯವರು ಅಂಗಡಿ ಕೆಲಸಕ್ಕೆ ಕಲ್ಯಾಣಿಗೆ ಬಂದಾಗಲೆಲ್ಲ ಅವಳ ಬಾಗಿಲಲ್ಲಿ ನಿಂತು ಹೋಗುತ್ತಿದ್ದರಿಂದ ಹುಂಜದ ಕೆಮ್ಮು ಅವಳಿಗೆ ಚೆನ್ನಾಗಿ ಗೊತ್ತು. ಮುಂಜಾನೆಯಿಂದ ಅದಕ್ಕೇ ಕಿವಿಗೊಟ್ಟು ಮಲಗಿದ್ದಳಂತೆ. ನಾನು ಕೂತಿದ್ದ ಕುದುರೆ ಗಾಡಿ ಬಾಗಿಲಿಗೆ ಬಂದಾಗ ಪಕ್ಕದಲ್ಲಿದ್ದ ಇಸ್ಮಾಯಿಲ್ ಸಾಬರ ತಾಯಿಗೆ, "ಕುದುರಿದು ಒಂದೇ ಬಂತು. ಕಳಸಲಿಲ್ಲ ಅವರು" ಎಂದು ಹೇಳಿ ಗೋಡೆಯ ಕಡೆ ಹೊರಳಿದ್ದಳು.

ನಾನು ಹೋಗಿ ಬೆನ್ನ ಮೇಲೆ ಕೈ ಇಟ್ಟೆ. "ಅವ್ವಾ, ನಾನು."

ಅವಳು ನನ್ನ ಬಳೆ ಮುಟ್ಟಿದಳು, ಮುಖ ಸವರಿದಳು, ತಲೆಗೆ ಕಟ್ಟಿದ ಗಂಡಸಿನ ರುಮಾಲು ಕೈಗೆ ಹತ್ತಿತು. ಸಂತೋಷಪಡುವುದು ಬಿಟ್ಟು ಹೆದರಿದಳು.

"ಕುದುರಿ ಗಾಡ್ಯಾಗ ಬಂದೇನ? ಗಂಡನ ಕೂಡ ಜಗಳಾಡಿ ಬಂದೇನ? ಖರೇ ಹೇಳು."

ಇಲ್ಲವೆಂದು ಎಷ್ಟು ಹೇಳಿದರೂ ನಂಬಲಿಲ್ಲ. ಹುಂಜದವನ ಹೆಂಡತಿ ಕುದುರೆಯಲ್ಲಿ ಬಂದಳೆಂದರೆ ಸಂಸಾರ ಒಡೆಯಿತೆಂದೇ ಅವಳ ಲೆಕ್ಕ. ಬಾಗಿಲಲ್ಲಿ ನಿಂತಿದ್ದ ಇಸ್ಮಾಯಿಲ್ ಸಾಬರು ನೀರೂ ಕುಡಿಯದೆ ಒಂದು ಡಬ್ಬಿ ಪೆಟ್ರೋಲ್ ಇಟ್ಟುಕೊಂಡು ನಮ್ಮ ಮನೆಯವರು ಉಳಿದಲ್ಲಿಗೆ ಮತ್ತೆ ಹೋದರು.

ದೀಪ ಹಚ್ಚುವ ಹೊತ್ತಾಗಿತ್ತು. ನಾನು ಅವ್ವನಿಗೆ ಗಂಜಿ ಕುಡಿಸುತ್ತಿದ್ದೆ. ಕುಡಿಯುವುದನ್ನು ನಿಲ್ಲಿಸಿ ಕೈ ಎತ್ತಿ ಸುಮ್ಮನಿರು ಅಂದಳು. ನನಗೇನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕೋಟೆಯ ಕಡೆಯಿಂದ ಮೊದಲು ಗುರುಗುಡುವುದು, ಅದರ ಹಿಂದೆಯೇ ಕೆಮ್ಮು.

"ಎರಡೂ ಬಂದವು" ಅಂದಳು ಅವ್ವ. ಉಳಿದ ಗಂಜಿಯನ್ನು ತಾನೇ ಬಟ್ಟಲು ಹಿಡಿದು ಕುಡಿದಳು.

ಹೊರಗೆ ಇಸ್ಮಾಯಿಲ್ ಸಾಬರು, "ಭಾವಾ, ಹುಂಜಕ್ಕ ಕುದುರಿ ಮೇವು ಹಿಡೀತು ನೋಡ್ರಿ" ಎಂದು ನಗುತ್ತಿದ್ದರು. ಚಿಮಣಿ ಎಣ್ಣೆ ಚೆಲ್ಲಿ ತಮ್ಮ ಪೆಟ್ರೋಲ್ ಹಾಕಿದ್ದರು. ನಮ್ಮ ಮನೆಯವರು, "ಸುಮ್ಮನ ನಡೀರಿ" ಅಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ.

ಅವ್ವ ಆ ಶ್ರಾವಣ ದಾಟಲಿಲ್ಲ. ಮುಂದಿನ ಪಂಚಮಿಗೆ ನಾನು ಬಾಗಿಲ ಕಡೆ ನೋಡಲೇ ಇಲ್ಲ. ಕರೆಯುವ ಮನೆಯೇ ಇರಲಿಲ್ಲವಲ್ಲ. ಆದರೂ ಬಾಗಿಲಲ್ಲಿ ಕುದುರೆ ಗುರುಗುಟ್ಟಿತು. ಇಸ್ಮಾಯಿಲ್ ಸಾಬರ ತಾಯಿ ಕಣ, ಉಂಡಿ ಕೊಟ್ಟು ಕಳಿಸಿದ್ದರು. ಆ ವರ್ಷದಿಂದ ಓಣಿಯ ಆ ಮನೆಯೇ ನನಗೆ ತವರು. ಉಂಡಿ ಯಾವತ್ತೂ ಕಲ್ಲಿನಂತೆಯೇ ಇರುತ್ತಿತ್ತು.

ನಡುವೆ, ನಿಜಾಮನ ರಾಜ್ಯ ಹೋದ ವರ್ಷ, ನಮ್ಮ ಸೀಮೆಯೇ ಕೆಟ್ಟಿತ್ತು. ಅದನ್ನು ಕಂಡವರು ಬಲ್ಲರು, ನಾನು ಬರೆಯುವುದಿಲ್ಲ. ಅದಾದ ಮರುವರ್ಷ ಪಂಚಮಿಗೆ ಇಸ್ಮಾಯಿಲ್ ಸಾಬರು ನಡೆದು ಬಂದರು. ಗಾಡಿ ಇರಲಿಲ್ಲ. ಬಹಳ ಸೊರಗಿದ್ದರು. ಕಂಕುಳಲ್ಲಿ ಗಂಟು ಮಾತ್ರ ಇತ್ತು. ಯಾಕೆ, ಏನು ಎಂದು ನಾವು ಕೇಳಲಿಲ್ಲ. ಅತ್ತೆ ರೊಟ್ಟಿ ಬಡಿಸಿದಳು. ಉಂಡಾದ ಮೇಲೆ ನಮ್ಮ ಮನೆಯವರು ಗಾಡಿ ತೆಗೆದರು. ನನ್ನನ್ನು ತೊಟ್ಟಿಲಲ್ಲಿ ಕೂಡಿಸಿದರು. ತಮ್ಮ ಹಿಂದಿನ ಆಸನವನ್ನು ಧೋತರದ ಚುಂಗಿನಿಂದ ಒರೆಸಿ, "ಕೂಡ್ರಿ ಅಣ್ಣಾರ" ಅಂದರು.

ಇಸ್ಮಾಯಿಲ್ ಸಾಬರು ಸ್ವಲ್ಪ ಹೊತ್ತು ಆ ಹುಂಜದ ಚಿತ್ರ ನೋಡುತ್ತ ನಿಂತರು. "ಕೂಡ್ತೀನಿ. ಖರೇ, ನನ್ನ ಪಾಯಜಾಮಕ್ಕ ಎಣ್ಣಿ ಹತ್ತಿದ್ರ ತೊಳಿಯೋರು ನೀವೇ ನೋಡ್ರಿ ಭಾವಾ" ಅಂದರು. ಹತ್ತಿಯೂ ಹತ್ತಿತು. ಆ ದಿನ ಅವರು ನಕ್ಕದ್ದು ಅದೊಂದೇ ಸಲ.

ಇಬ್ಬರೂ ಈಗ ಇಲ್ಲ. ಮನೆಯಲ್ಲಿ ಮೊಮ್ಮಕ್ಕಳು ಯಾವ ಕಂಪನಿಯ ಗಾಡಿ ಒಳ್ಳೆಯದೆಂದು ಜಗಳಾಡುತ್ತಾರೆ. ಆ ಗಾಡಿಯವರು ಹಾಗೆ, ಈ ಗಾಡಿಯವರು ಹೀಗೆ ಎಂದು ಅದೇ ಮಾತು. ಮೊನ್ನೆ ನನ್ನನ್ನೇ ಕೇಳಿದರು, "ಅಜ್ಜಿ, ನೀ ಹೇಳು, ಯಾವುದು ಚೊಲೋ?"

"ಹಿಂದಿನವರ ಸದ್ದು ನಿಂತ್ರ ಹೊಳ್ಳಿ ಬರೋ ಗಾಡಿ" ಅಂದೆ.

ಅಂಥ ಕಂಪನಿ ಯಾವುದೆಂದು ಕೇಳಿದರು. ನನಗೆ ಹೆಸರು ಬರುವುದಿಲ್ಲ, ಚಿತ್ರ ಮಾತ್ರ ನೆನಪಿದೆ ಎಂದು ಹೇಳಿ ಎದ್ದೆ.