ಮಳೆಗಾಲ ಹೊಲಿದ ರಾಮಿಬಾಯಿ

ಏಳು ಸಮುದ್ರದಾಚೆ ಒಂದು ದ್ವೀಪವಂತೆ. ದ್ವೀಪದಲ್ಲಿ ಬೀಗ ಹಾಕಿದ ಮನೆಯಂತೆ. ಮನೆಯೊಳಗೊಂದು ಪಂಜರ, ಪಂಜರದಲ್ಲಿ ಗಿಣಿ, ಗಿಣಿಯ ಎದೆಯಲ್ಲಿ ರಾಕ್ಷಸನ ಜೀವ. ಅಷ್ಟು ವರ್ಷ ಮುಚ್ಚಿದ್ದ ಮನೆಯ ಕಸ ಗುಡಿಸುತ್ತಿದ್ದವರು ಯಾರು ಎಂದು ಕೇಳಿದರೆ ನಮ್ಮಜ್ಜಿ, "ಕತೆಗೆ ಕಾಲಿಲ್ಲ, ಸುಮ್ಮನೆ ಹೂಂಗುಟ್ಟು" ಎಂದು ಗದರುತ್ತಿದ್ದಳು.

ಅಜ್ಜಿ ಹೇಳದ ಆ ಹೆಸರು ಈಗ ಸಿಕ್ಕಿದೆ. ಅಕ್ಟೋಬರ್ ಒಂದರ ಬೆಳಗಿನ ಆರೂವರೆಗೆ, ಹಳೇ ಗೋವಾದಿಂದ ದಿವಾರ್ ದ್ವೀಪಕ್ಕೆ ಹೊರಟ ಫೆರ್ರಿಯಲ್ಲಿ, ಸ್ಕೂಟರುಗಳ ನಡುವೆ ರಾಮಿಬಾಯಿ ನಿಂತಿದ್ದಾರೆ. ವಯಸ್ಸು ಐವತ್ತೆರಡು. ಸೊಂಟದಲ್ಲಿ ಐದು ಮನೆಗಳ ಕೀಲಿ, ಒಂದೊಂದಕ್ಕೂ ಬೇರೆ ಬಣ್ಣದ ದಾರ. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಿಚಿದ ಬಟ್ಟೆ.

ಯಾರೂ ಇಲ್ಲದ ಮನೆಗಳಿಗೆ ಗಾಳಿ ಆಡಿಸುವುದು ಇವರ ಕೆಲಸ. ಝುವಾರಿನಗರದ ತಗಡಿನ ಖೋಲಿಯಿಂದ ನಾಲ್ಕೂವರೆಗೆ ಹೊರಟು, ಎರಡು ಬಸ್ಸು ಬದಲಿಸಿ, ಹೊಳೆ ದಾಟಿ ಬರುತ್ತಾರೆ. ದಿನಕ್ಕೆ ಎರಡು ಮೂರು ಮನೆ. ಬಾಗಿಲು ತೆಗೆದು, ಗಾದಿಗಳನ್ನು ಮಗುಚಿ ಹಾಕಿ, ಗೋಡೆಯ ಬೂಷ್ಟು ಒರೆಸಿ, ಮತ್ತೆ ಬೀಗ. "ಮನಿಗೂ ಉಸಿರು ಬೇಕ್ರಿ," ಎನ್ನುತ್ತಾರೆ. "ಎಂಟು ದಿನ ಮುಚ್ಚಿಟ್ರ ಗೋಡಿ ಬೆವರತಾವ."

ಮುದ್ದೇಬಿಹಾಳದ ಕಡೆಯ ತಾಂಡಾದವರು. ಹದಿನೆಂಟು ವರ್ಷ ಕಲಂಗೂಟ್ ಕಡಲದಂಡೆಯಲ್ಲಿ ಕನ್ನಡಿ ಹೊಲಿದ ಚೀಲ ಮಾರಿದ್ದಾರೆ. ಮೊಣಕಾಲು ಮರಳಿಗೆ ಒಲ್ಲೆ ಎಂದ ಮೇಲೆ ಈ ಕೆಲಸ. ಗಂಡ ನಾನಪ್ಪ ಗೋದಾಮಿನಲ್ಲಿ ಚೀಲ ಹೊರುತ್ತಿದ್ದವರು. ಬೆನ್ನು ಹಿಡಿದು ಎರಡು ವರ್ಷದಿಂದ ಖೋಲಿಯಲ್ಲೇ ಇದ್ದಾರೆ.

ದಂಡೆಯ ಮೇಲೆ ಚೀಲದ ಜೊತೆಗೆ ಮಾತೂ ಬಿಕರಿಯಾಗುತ್ತಿತ್ತು. ಅಲ್ಲಿ ಕೂತ ವಿದೇಶಿಯರೆಲ್ಲ ಬಾಲಿಯಲ್ಲಿ ಮನೆ ಕೊಳ್ಳಲೋ, ಲಂಕೆಯಲ್ಲೋ, ಇಲ್ಲೋ ಎಂದು ಲೆಕ್ಕ ಹಾಕುವವರೇ. "ಎಲ್ಲಾರೂ ಬಿಸಿಲಿದ್ದಾಗ ಬಂದು ನೋಡಾವ್ರ ರೀ," ಎಂದು ರಾಮಿಬಾಯಿ ನಗುತ್ತಾರೆ. "ಹೆಣ್ಣು ನೋಡಾಕ ಬಂದ ದಿನ ಯಾರ ಮನ್ಯಾಗ ಉಪ್ಪಿಟ್ಟು ಕೆಟ್ಟಿರತೈತಿ?"

ಈ ಮಾತನ್ನೇ ಅವರು ಕಳೆದ ಫೆಬ್ರವರಿಯಲ್ಲಿ ಎರ್ಮೆಲಿಂದಾ ಎಂಬ ಹಿರಿಯ ಹೆಂಗಸಿಗೆ ಕೊಂಕಣಿಯಲ್ಲಿ ಹೇಳಿದ್ದು. ಎರ್ಮೆಲಿಂದಾ ಇರುವುದು ಲಿಸ್ಬನ್‌ನಲ್ಲಿ, ಅಜ್ಜ ಅಜ್ಜಿ ದಿವಾರಿನವರು. ಗೋವಾ ಮೂಲದವರಾದ್ದರಿಂದ ಇಲ್ಲಿ ಮನೆ ಕೊಳ್ಳಲು ಅಡ್ಡಿಯಿಲ್ಲ. ಬಾಲಿಯಲ್ಲಾದರೆ ನೆಲ ಗುತ್ತಿಗೆಗೆ ಮಾತ್ರ. ಲಂಕೆಯಲ್ಲಿ ಕಾಗದಪತ್ರದ ಸುತ್ತು ಹೆಚ್ಚು, ಕಡಲು ಮಾತ್ರ ಅಂಗಳಕ್ಕೇ ಬರುತ್ತದೆ. ಮೂರನ್ನೂ ತೂಗುತ್ತಿದ್ದ ಆಕೆ, ರಾಮಿಬಾಯಿ ನೋಡಿಕೊಳ್ಳುವ, ಮಾರಾಟಕ್ಕಿದ್ದ ಹದಿನಾಲ್ಕು ಕಿಟಕಿಯ ಹಂಚಿನ ಮನೆಯಲ್ಲಿ ನಿಂತು ಕೇಳಿದರು: ಮಳೆಗಾಲದಲ್ಲಿ ಈ ಮನೆ ಹೇಗಿರುತ್ತದೆ, ಒಂದೊಂದು ದಿನದ್ದೂ ನನಗೆ ಗೊತ್ತಾಗಬೇಕು, ಹೇಳುತ್ತೀಯಾ? ಕೊಂಡರೆ ಹಿತ್ತಿಲ ಖೋಲಿ ನಿನಗೂ ನಿನ್ನ ಗಂಡನಿಗೂ.

ರಾಮಿಬಾಯಿ ಮಾತು ಕೊಟ್ಟರು. ಬರೆಯಲು ಬರುವುದಿಲ್ಲ. ಫೋನಿನಲ್ಲಿ ಫೋಟೋ ತೆಗೆಯಬಹುದಿತ್ತಲ್ಲ? "ಫೋಟೋದಾಗ ವಾಸನಿ ಬರಂಗಿಲ್ರಿ."

ಹಾಗಾಗಿ ಹೊಲಿದರು. ಜೂನ್ ಒಂದರಿಂದ ದಿನಕ್ಕೊಂದು ಚೌಕ, ಒಟ್ಟು ನೂರಾ ಇಪ್ಪತ್ತೆರಡು. ಮಳೆಗೆ ನೀಲಿ ದಾರ, ಕರೆಂಟು ಹೋದರೆ ಕಪ್ಪು, ಬೂಷ್ಟಿನ ವಾಸನೆಗೆ ಹಸಿರು. ಗಾದಿ ಒಣಗುವಷ್ಟು ಬಿಸಿಲು ಬಿದ್ದ ದಿನ ಒಂದು ಕನ್ನಡಿ. ಮನೆ ಸೋರಿದರೆ ಕೆಂಪು. ವಾರಕ್ಕೆರಡು ಸಲ ತೆಗೆದರೆ ಸಾಕಿದ್ದ ಆ ಮನೆಗೆ ನಾಲ್ಕು ತಿಂಗಳು ದಿನವೂ ಹೋಗಿದ್ದಾರೆ. ಮೂರು ಚೌಕದಲ್ಲಿ ಮಾತ್ರ ಬರಿಯ ಕವಡೆ. "ಅವತ್ತು ಫೆರ್ರಿ ನಿಂತಿತ್ತು. ನೋಡದ್ದು ಹೆಂಗ ಹೊಲೀಲಿ?"

ಫೆರ್ರಿ ದಡ ಮುಟ್ಟುತ್ತದೆ. ಮನೆ ತೆಗೆದು, ಜಗಲಿಯಲ್ಲಿ ಕೂತು, ರಾಮಿಬಾಯಿ ನಿನ್ನೆಯ ಕೊನೆಯ ಚೌಕಕ್ಕೆ ದಾರ ಪೋಣಿಸುತ್ತಾರೆ. ದಿನ ಪೂರ್ತಿ ಮುಗಿಯದೆ ಅದರ ಹೊಲಿಗೆ ಇಲ್ಲ. ಅಷ್ಟರಲ್ಲಿ ಸ್ಕೂಟರಿನ ಸದ್ದು. ಮನೆ ಮಾರಿಸಿಕೊಡುವ ದಲ್ಲಾಳಿ ಕುಬೇರ, ಮೂಲ ಧಾರವಾಡ ಕಡೆಯವರು, ಈಗ ಫೋಂಡಾದ ವಾಸಿ. ಬಟ್ಟೆ ಬಿಡಿಸಿ ನೋಡಿದವರೇ ತಲೆಗೆ ಕೈ ಹಚ್ಚುತ್ತಾರೆ. ಅಡುಗೆಮನೆ ಸೋರಿದ್ದಕ್ಕೆ ಒಂಬತ್ತು ಕೆಂಪು.

"ಬಾಲಿಯಾವ್ರು ಡ್ರೋನ್ ಹಾರಿಸಿ ಸಿನಿಮಾ ಕಳಿಸ್ಯಾರ. ಲಂಕಾದಾವ್ರು ಬಣ್ಣದ ಪುಸ್ತಕ ಕಳಿಸ್ಯಾರ. ನೀ ಸೋರೂ ಮನೀಗೆ ಕಸೂತಿ ಹಾಕಿ ಕಳಸ್ತಿ ಏನವಾ!"

"ಸೋರೇತಿ ಅಂತ ಹಾಕೇನಿ ಕುಬೇರಣ್ಣ."

"ಕೆಂಪು ಬಿಚ್ಚಿಬಿಡು. ಹಂಚು ಆಮ್ಯಾಲ ಸರಿ ಮಾಡಸೂಣು. ನಿನಗ ಖೋಲಿ ಬ್ಯಾಡೇನು?"

"ಬೇಕಣ್ಣ. ಭಾಳ ಬೇಕು." ರಾಮಿಬಾಯಿ ಸೂಜಿ ನಿಲ್ಲಿಸುತ್ತಾರೆ. "ನಮ್ಮ ಮನ್ಯಾರು ಆ ತಗಡಿನ ಖೋಲ್ಯಾಗ ಇಡೀ ದಿನ ಒಬ್ಬರ ಬಿದ್ದಿರೂದ ನೋಡಾಕ ಆಗವಲ್ದು. ಆದ್ರ ಬಿಚ್ಚಿದ್ರೂ ಸೂಜಿ ತೂತು ಉಳೀತಾವ. ಮುಂದಿನ ಮಳಿಗೆ ಅಡಗಿಮನ್ಯಾಗ ಬಕೀಟ್ ಇಡಾಕಿ ನಾನ. ಆಗ ಎರ್ಮೆಲಿಂದಾ ಬಾಯಾರ ಮಾರಿ ಹೆಂಗ ನೋಡ್ಲಿ?"

"ಆಕಿ ಲಂಕಾಕ್ಕ ಹೋದ್ರ?"

"ಹೋಗ್ಲಿ. ಅಲ್ಲಿ ಮಳಿ ಹೆಂಗ ಅಂತ ಕೇಳಿ ಹೋಗ್ಲಿ."

ಕುಬೇರ ಬಟ್ಟೆಯ ಮೇಲೆ ಬೆರಳಿಟ್ಟು ಎಣಿಸುತ್ತಾರೆ. "ಹನ್ನೊಂದು ಕನ್ನಡಿ ಅದಾವಲ್ಲ," ಎಂದು ಗೊಣಗುತ್ತಾರೆ. "ಸೆಪ್ಟೆಂಬರ್ ಚಲೋ ಐತಿ." ಸ್ಕೂಟರಿನ ಕಿಕ್ ಒದ್ದು ಹೊರಡುತ್ತಾರೆ.

ನಿನ್ನೆ ಗಾದಿ ಒಣಗಿತ್ತು. ಕೊನೆಯ ಚೌಕದಲ್ಲಿ ಹನ್ನೆರಡನೆಯ ಕನ್ನಡಿ ಕೂರುತ್ತದೆ. ರಾಮಿಬಾಯಿ ಹಲ್ಲಿನಿಂದ ದಾರ ಕಡಿದು, ಕೆಂಪು ಮೇಲೆ ಕಾಣುವಂತೆ ಬಟ್ಟೆ ಮಡಿಚುತ್ತಾರೆ.

"ಬಾಲೀದೂ ಲಂಕಾದೂ ಇದರ ಬಾಜೂಕ ಇಟ್ಟು ನೋಡ್ಲಿ ಆಕಿ," ಮರಳುವ ಫೆರ್ರಿಯಲ್ಲಿ ಹೇಳುತ್ತಾರೆ. "ಮೂರರಾಗ ಮಳಿ ಕಾಣೂದು ನಂದರಾಗ ಒಂದ."

ನಾಳೆ ರಜೆ, ಹಾಗಾಗಿ ಹಳೇ ಗೋವಾದ ಅಂಚೆ ಕಚೇರಿಯಲ್ಲಿ ಸಾಲು ಉದ್ದವಿದೆ. ಕೌಂಟರಿನ ಹೆಂಗಸು ಪೊಟ್ಟಣ ತೂಗಿ, ಒಳಗೇನು ಎಂದು ಕೊಂಕಣಿಯಲ್ಲಿ ಕೇಳುತ್ತಾರೆ. "ಮಳೆ," ಎನ್ನುತ್ತಾರೆ ರಾಮಿಬಾಯಿ, ಕೊಂಕಣಿಯಲ್ಲೇ. ಆಕೆ ನಕ್ಕು, ಚೀಟಿಯ ಮೇಲೆ 'ಬಟ್ಟೆ' ಎಂದು ಬರೆದು ಮುದ್ರೆ ಒತ್ತುತ್ತಾರೆ. ಆ ಸದ್ದು ಕೇಳಿದ ಮೇಲೆಯೇ ರಾಮಿಬಾಯಿ ಪೊಟ್ಟಣದ ಮೇಲಿನ ಕೈ ತೆಗೆಯುತ್ತಾರೆ.