ದೊಡ್ಡಮ್ಮನ ಬಾಯಿಯ ಲವಂಗ

ಅವಳು ಬಾಯಿ ತೆರೆದರೆ ಮೊದಲು ಲವಂಗದ ಘಮ ಬರುತ್ತಿತ್ತು, ಮಾತು ಆಮೇಲೆ. ಬಲದವಡೆಯ ಕೊನೆಯ ಹಲ್ಲುಗಳ ಸಂದಿಯಲ್ಲಿ ಒಂದು ಲವಂಗ ಸದಾ ಸಿಕ್ಕಿಕೊಂಡಿರುತ್ತಿತ್ತು. ಮಾತಿನ ನಡುವೆ ನಾಲಿಗೆ ಆಗಾಗ ಅತ್ತ ಸರಿದು, ಅದು ಅಲ್ಲಿಯೇ ಇದೆಯೇ ಎಂದು ವಿಚಾರಿಸಿಕೊಂಡು ಬರುತ್ತಿತ್ತು. ಬೇರೆ ಹೆಂಗಸರು ಚಿಲ್ಲರೆ ಕಟ್ಟಿಕೊಳ್ಳುವ ಸೆರಗಿನ ತುದಿಯಲ್ಲಿ ಅವಳು ಕಟ್ಟಿಕೊಳ್ಳುತ್ತಿದ್ದದ್ದೂ ಲವಂಗವನ್ನೇ.

ದೊಡ್ಡಮ್ಮ ಎಂದು ಕರೆಯುತ್ತಿದ್ದೆನಾದರೂ ಅವಳು ನನ್ನ ರಕ್ತಸಂಬಂಧಿಯಲ್ಲ. ಶಿಡ್ಲಘಟ್ಟದಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಅವಳ ಮನೆಯಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸ. ಗೂಡು ಬೇಯುವ ವಾಸನೆ ಗೋಡೆ ದಾಟಿ ನಮ್ಮ ಊಟದ ತಟ್ಟೆಯವರೆಗೂ ಬರುತ್ತಿತ್ತು. ಲವಂಗವೇಕೆ ಎಂದು ನಾನು ಹಲವು ಸಲ ಕೇಳಿದ್ದುಂಟು. ಒಮ್ಮೆ ಹಲ್ಲುನೋವಿಗೆ ಎಂದಳು. ಒಮ್ಮೆ ಗೂಡಿನ ವಾಸನೆ ತಡೆಯುವುದಕ್ಕೆ ಎಂದಳು. ಇನ್ನೊಮ್ಮೆ ಗಂಟಲು ಒಡೆಯದಿರಲಿ ಎಂದು. ನಾನು ಯಾವುದನ್ನೂ ನಂಬಲಿಲ್ಲ. ಹಲ್ಲುಗಳು ಕಬ್ಬು ಸಿಗಿಯುವಷ್ಟು ಗಟ್ಟಿಯಾಗಿದ್ದವು. ನೂಲಿನ ಕೆಲಸ ನಿಲ್ಲಿಸಿ ವರ್ಷಗಳಾದರೂ ಲವಂಗ ನಿಂತಿರಲಿಲ್ಲ. ಗಂಟಲಂತೂ ನಾಲ್ಕು ಬೀದಿಗೆ ಕೇಳುವಂಥದ್ದು. ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ. ಅದಕ್ಕೇ ಅವಳು ನನ್ನನ್ನು ‘ಲಾಯರು’ ಎನ್ನುತ್ತಿದ್ದಳು. ಏಳನೆಯ ತರಗತಿಗೆ ಶಾಲೆ ಬಿಟ್ಟು, ಮಿಕ್ಕಿದ್ದನ್ನೆಲ್ಲ ಗ್ರಂಥಾಲಯದ ಬೆಂಚಿನ ಮೇಲೆ ಓದಿಕೊಂಡವನಿಗೆ ಆ ಬಿರುದನ್ನು ಬೇರೆ ಯಾರೂ ಕೊಟ್ಟಿಲ್ಲ.

ಈಚೆಗೆ ಚಿಕ್ಕಬಳ್ಳಾಪುರದ ಒಂದು ಸಭೆಯಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ನಿಮ್ಮ ಕಥೆಗಳಲ್ಲಿ ಬರೋ ಕ್ಯಾರೆಕ್ಟರ್ಸ್ ಎಲ್ಲಾ ಎಲ್ಲಿಂದ ಸಿಗ್ತಾರೆ ಸಾರ್?” ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ನನ್ನ ಪರವಾಗಿ ಉತ್ತರಿಸಿಬಿಟ್ಟರು: ಮಣ್ಣಿನ ಸತ್ವ, ಬದುಕಿನ ಬವಣೆ, ಸರಸ್ವತಿಯ ಕೃಪೆ. ಚಪ್ಪಾಳೆಯೂ ಬಿತ್ತು. ಕಥೆ ಬರೆಯುವವರ ಬಗ್ಗೆ ತಲೆತಲಾಂತರದಿಂದ ಹೇಳಿಕೊಂಡು ಬಂದಿರುವ ಈ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ. ಮಣ್ಣು ನನ್ನೊಡನೆ ಎಂದೂ ಮಾತಾಡಿಲ್ಲ. ಸರಸ್ವತಿಗೆ ಕೃಪೆ ತೋರುವ ಮನಸ್ಸಿದ್ದಿದ್ದರೆ ಏಳನೆಯ ತರಗತಿಯ ಗಣಿತದಲ್ಲಿಯೇ ತೋರಬಹುದಿತ್ತು. ಆ ಹುಡುಗಿಗೆ ಅಂದು ಸಿಗಬೇಕಾಗಿದ್ದ ಉತ್ತರ ನಮ್ಮ ದೊಡ್ಡಮ್ಮ.

ದೊಡ್ಡಮ್ಮ ಸಾವಿನ ಮನೆಗಳಲ್ಲಿ ಹಾಡಿಕೊಂಡು ಅಳುತ್ತಿದ್ದಳು. ನಮ್ಮ ಕಡೆ ಹೆಂಗಸರು ಹೆಣದ ಸುತ್ತ ಕುಳಿತು, ಸತ್ತವರನ್ನು ಕರೆದು ಮಾತಾಡಿಸುತ್ತ, ರಾಗವಾಗಿ ಅಳುವ ರೂಢಿಯಿತ್ತು. ಗಂಡಸರು ಹೊರಗೆ ಬೆಂಚಿನ ಮೇಲೆ. ಇಂಥ ಹೆಂಗಸರು ಕೂಲಿಗೆ ಅಳುತ್ತಾರೆ ಎನ್ನುವವರಿದ್ದಾರೆ. ಅವಳು ಸಾವಿನ ಮನೆಯಲ್ಲಿ ಒಂದು ಲೋಟ ನೀರು ಸಹ ಮುಟ್ಟಿದ್ದನ್ನು ನಾನು ಕಂಡಿಲ್ಲ. ಕಟ್ಟಿಟ್ಟ ಪದಗಳನ್ನೇ ಎಲ್ಲರಿಗೂ ಹಾಡುತ್ತಾರೆ ಎನ್ನುವ ಪಂಡಿತರೂ ಇದ್ದಾರೆ. ಅವರು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತು ಅವಳ ಅಳುವನ್ನು ಕೇಳಬೇಕಿತ್ತು. ನಾನು ಕೇಳಿದ್ದೇನೆ. ಅವಳು ಒಬ್ಬರಿಗೆ ಅತ್ತದ್ದನ್ನು ಇನ್ನೊಬ್ಬರಿಗೆ ಅಳಲಿಲ್ಲ.

“ಸತ್ತೋರ್ನ ಪುಣ್ಯಾತ್ಮ, ದೊಡ್ಡ ಮನಸು ಅಂತ ಅಳಬಾರ್ದು ಕಣಪ್ಪ,” ಎನ್ನುತ್ತಿದ್ದಳು. “ಆ ಅಳು ಯಾರಿಗಾದ್ರೂ ಆಗ್ತೈತೆ. ಊರೋರೆಲ್ಲ ಒಂದೇ ಅಳತೆ ರವಿಕೆ ಹಾಕ್ಕೊಂತಾರಾ?”

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಅತ್ತೆ ತೀರಿಕೊಂಡಳು. ಬದುಕಿದ್ದಷ್ಟು ಕಾಲ ಸೊಸೆಯನ್ನು ಹುರಿದು ಮುಕ್ಕಿದವಳೆಂದು ಬೀದಿಗೆಲ್ಲ ಗೊತ್ತು. ಸೊಸೆ ಗೋಡೆಗೊರಗಿ, ಒಣಗಿದ ಕಣ್ಣುಗಳಿಂದ ಬಾಗಿಲ ಬಳಿಯ ಚಪ್ಪಲಿಗಳನ್ನು ನೋಡುತ್ತ ಕುಳಿತಿದ್ದಳು. ಒಂದು ಹನಿ ನೀರಿಲ್ಲವಲ್ಲ ಎಂದು ಹೆಂಗಸರು ಗುಸುಗುಸು ಶುರುಮಾಡಿದ್ದರು. ಆಗ ದೊಡ್ಡಮ್ಮ ಬಂದಳು. ಕೂದಲ ಗಂಟು ಬಿಚ್ಚಿ, ಹೆಣದ ತಲೆಯ ಬಳಿ ಕುಳಿತು, ರಾಗ ಎತ್ತಿಕೊಂಡಳು:

“ಸಾರಿಗೆ ಉಪ್ಪು ಕಮ್ಮಿ ಅಂತ ಬಾಗಿಲಲ್ಲೇ ಮೂಸಿ ಹೇಳ್ತಿದ್ಯಲ್ಲಮ್ಮಾ... ನಾಳೆಯಿಂದ ಯಾರಮ್ಮಾ ಮೂಸ್ತಾರೆ... ಮಲ್ಲಿಗೆ ಹೂವಂದ್ರೆ ಪ್ರಾಣ ಬಿಡ್ತಿದ್ಯಲ್ಲಮ್ಮಾ...”

“ಮಲ್ಲಿಗೆ ಅಲ್ಲ,” ಎಂದಳು ಸೊಸೆ, ಗೋಡೆಯ ಬಳಿಯಿಂದ. ಎಲ್ಲರೂ ತಿರುಗಿದರು. “ಮಲ್ಲಿಗೆ ಕಂಡ್ರೆ ತಲೆನೋವು ಅವ್ರಿಗೆ. ಕನಕಾಂಬರ. ಅದೂ ನಾನೇ ಕಟ್ಟಿಕೊಡಬೇಕು. ಬೇರೆಯೋರು ಕಟ್ಟಿದ್ರೆ ಸಡ್ಲ ಅಂತ ಬಿಸಾಕೋರು. ನಂದೇ ಬೇಕು...”

‘ನಂದೇ ಬೇಕು’ ಎಂದದ್ದು ಅವಳ ಕಿವಿಗೇ ಮೊದಲ ಸಲ ಬಿದ್ದಂತಿತ್ತು. ಆಮೇಲೆ ಅವಳು ಅತ್ತ ರೀತಿಗೆ ಹೊರಗೆ ಕುಳಿತ ಗಂಡಸರೂ ಬೀಡಿ ಕೆಳಗಿಟ್ಟರು.

ಮಣ್ಣು ಮಾಡಿ ಹಿಂದಿರುಗುವಾಗ ನಾನು ದೊಡ್ಡಮ್ಮನನ್ನು ತಡೆದೆ. “ದೊಡ್ಡಮ್ಮ, ಆ ಮುದುಕಿಯ ತಲೇಲಿ ಕನಕಾಂಬರ ನೀನೂ ನೋಡಿದೀಯ. ಸಾವಿನ ಮನೇಲಿ ಕೂತು ಸುಳ್ಳು ಯಾಕೆ ಹೇಳ್ದೆ?”

“ಬಂದ್ರು ನೋಡು ಲಾಯರು!” ಎಂದಳು. ನಾಲಿಗೆ ಲವಂಗದ ಕಡೆ ಹೋಗಿ ಬಂತು. “ಸರಿಯಾಗಿ ಹೇಳಿದ್ರೆ ಊಂ ಅಂತಾರೆ, ಸುಮ್ನಾಗ್ತಾರೆ. ತಪ್ಪು ಹೇಳ್ಬೇಕು ನಾಯ್ನಾ. ತಪ್ಪು ಹೇಳಿದ್ರೆ, ನಿಜ ಗೊತ್ತಿರೋರಿಗೆ ತಡ್ಕಳಕ್ಕಾಗಲ್ಲ. ಒಳಗಿರೋದು ತಾನಾಗೇ ಆಚೆ ಬರ್ತೈತೆ.”

“ಇದು ಮೋಸ.”

“ಏನ್ ಮೋಸ? ಅವಳ ಅಳು ಅವಳಿಗೆ ಕೊಡಿಸ್ದೆ. ನಾನೇನು ಸೆರಗಲ್ಲಿ ಕಟ್ಕೊಂಡು ಬಂದ್ನಾ? ನಡಿ, ಸ್ನಾನ ಮಾಡ್ಬೇಕು.”

ಈ ವಿಷಯದಲ್ಲಿ ನಾವು ವರ್ಷಗಟ್ಟಲೆ ಜಗಳವಾಡಿದೆವು. ನಿಜ ಬೇಕೆಂದರೆ ಕೇಳಬೇಕು, ಕೇಳಿದ್ದನ್ನು ಒರೆಗೆ ಹಚ್ಚಬೇಕು ಎಂಬುದು ನನ್ನ ವಾದ. “ಕೇಳಿದ್ರೆ ಜನ ಯೋಚ್ನೆ ಮಾಡಿ ಹೇಳ್ತಾರೆ ಕಣಪ್ಪ. ಯೋಚ್ನೆ ಮಾಡಿ ಹೇಳಿದ್ದನ್ನ ನೀನೇ ನಂಬಲ್ಲ,” ಎಂಬುದು ಅವಳದ್ದು.

ಅವಳ ಮಾತನ್ನೂ ಪರೀಕ್ಷಿಸದೆ ಬಿಡುವ ಆಸಾಮಿಯಲ್ಲ ನಾನು. ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ, ಅಂಬಾಜಿದುರ್ಗದ ಕಡೆಯ ಕುರಿ ಕಾಯುವ ಮುದುಕನೊಬ್ಬ ಪಕ್ಕದಲ್ಲಿ ಕುಳಿತಿದ್ದ. ಹಿಂದೊಮ್ಮೆ ಅವನನ್ನು ಅವನ ಬದುಕಿನ ಬಗ್ಗೆ ಕೇಳಿ, “ಏನೈತೆ ಸ್ವಾಮಿ, ಎಲ್ಲರಂಗೆ” ಎಂಬ ಉತ್ತರ ಪಡೆದಿದ್ದೆ. ಈ ಸಲ ಏನನ್ನೂ ಕೇಳಲಿಲ್ಲ. “ಕುರಿಗೆ ಮನುಷ್ಯರ ಗುರುತು ಇರಲ್ಲ ಬಿಡಿ. ಯಾರು ಕಾದ್ರೂ ಒಂದೇ,” ಎಂದೆ. ಅವನು ತನ್ನ ಬಸ್ಸನ್ನೇ ಹೋಗಲು ಬಿಟ್ಟ. ಹೆಂಡತಿ ಸತ್ತ ಮೇಲೆ ಕುರಿಗಳು ತೊಟ್ಟಿಯ ಬಳಿ ನಿಂತು ನೀರು ಮುಟ್ಟದೆ ಇದ್ದದ್ದನ್ನೂ, ಕೊನೆಗೆ ತಾನು ಅವಳ ಸೀರೆಯನ್ನು ಹೊದ್ದುಕೊಂಡು ನಿಂತ ಮೇಲೆ ಕುಡಿದದ್ದನ್ನೂ, ಕೋಪದಿಂದ, ನನ್ನ ತೊಡೆಯ ಮೇಲೆ ತಟ್ಟಿ ತಟ್ಟಿ ಹೇಳಿದ. ನನ್ನ ಕಥೆಗಳಲ್ಲಿ ಎದೆಯೊಳಗೆ ಉಸಿರಿರುವ ಮೊದಲ ಮನುಷ್ಯ ಅವನು.

ಆ ಕಥೆಯನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ.

“ಅವ್ನು ಹೇಳಿದ್ದನ್ನ ಹಂಗೇ ಬರ್ದಿದೀಯಾ?”

“ಹಂಗೇ. ಸೀರೆಯ ಬಣ್ಣ ಮಾತ್ರ ಅವನು ಹೇಳಿರಲಿಲ್ಲ. ಹಸಿರು ಅಂತ ನಾನೇ ಸೇರಿಸ್ದೆ.”

“ಲಾಯರೂ ಸುಳ್ಳು ಹೇಳಕ್ಕೆ ಕಲ್ತ್ರು!” ಎಂದು ಸೊಂಟ ಹಿಡಿದುಕೊಂಡು ನಕ್ಕಳು.

ಅವಳಿಗೆ ಇದ್ದವಳು ಒಬ್ಬಳೇ ಮಗಳು. ಆ ಮಗಳು ಐದಾರು ವರ್ಷದ ಹೆಣ್ಣುಮಗುವನ್ನು ಬಿಟ್ಟು ತೀರಿಕೊಂಡಳು. ಅಂದು ದೊಡ್ಡಮ್ಮ ತನ್ನ ಮಗಳ ತಲೆಯ ಬಳಿ ತಾನೇ ಕುಳಿತು, ಬಂದವರೆಲ್ಲ ಕುಸಿದು ಅಳುವಂತೆ ಹಾಡಿಕೊಂಡು ಅತ್ತಳು. ಅವಳ ಕಣ್ಣುಗಳಲ್ಲಿ ಮಾತ್ರ ನೀರಿರಲಿಲ್ಲ. ಅಂದಿನಿಂದ ಬೀದಿಯಲ್ಲಿ ಒಂದು ಮಾತು ಹುಟ್ಟಿಕೊಂಡಿತು: ಊರಿನ ಹೆಣಗಳಿಗೆ ಅತ್ತು ಅತ್ತು ಅವಳ ಎದೆ ಕಲ್ಲಾಗಿದೆ, ಹೆತ್ತ ಮಗಳಿಗೂ ಒಂದು ಹನಿ ಬರಲಿಲ್ಲ. ನಾನು ಅದನ್ನು ನಂಬಲಿಲ್ಲ. ಆದರೆ ಅಲ್ಲವೆಂದು ಹೇಳಲು ನನ್ನ ಬಳಿ ಸಾಕ್ಷಿಯೂ ಇರಲಿಲ್ಲ. ಆ ಮಾತು ಅವಳ ಕಿವಿಗೂ ಬಿದ್ದಿತ್ತು. ಅವಳು ಯಾರನ್ನೂ ತಿದ್ದಲು ಹೋಗಲಿಲ್ಲ. ಮೊಮ್ಮಗಳನ್ನು ಸಾಕಿದಳು, ಓದಿಸಿದಳು. ಆ ಹುಡುಗಿ ಈಗ ಗೌರಿಬಿದನೂರಿನಾಚೆ ನಗರಗೆರೆಯಲ್ಲಿ ಶಾಲೆಯ ಟೀಚರು.

ಕಾಲ ಬದಲಾಯಿತು. ಸಾವಿನ ಮನೆಗಳಿಗೆ ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆಗಳು ಬಂದವು. ಸ್ಪೀಕರಿನಲ್ಲಿ ಮಂತ್ರ ಹಾಕುವುದು ಬಂತು. ದೊಡ್ಡಮ್ಮನನ್ನು ಕರೆಯುವವರು ಕಡಿಮೆಯಾದರು. ಕರೆಯದೆಯೇ ಅವಳು ಹೋದಾಗಲೂ, “ನಿಮಗೆ ಮೈ ಹುಷಾರಿಲ್ಲ, ಯಾಕೆ ತೊಂದರೆ ಅಮ್ಮ” ಎಂದು ಕುರ್ಚಿ ಹಾಕಿ ಕೂರಿಸುತ್ತಿದ್ದರು. ಒಂದು ಸಂಜೆ ಜಗಲಿಯಲ್ಲಿ ಕುಳಿತು ಹೇಳಿದಳು:

“ನಾನು ಸತ್ರೆ ನನ್ನ ಮುಂದೂ ಮೊಬೈಲ್ ಹಾಡಿಸ್ತಾರೆ ಕಣಪ್ಪ. ಊರಿಗೆಲ್ಲ ಅತ್ತೋಳು, ನಂದು ಅನ್ನೋ ಒಂದು ಅಳು ಇಲ್ದೆ ಹೋಗ್ತೀನಿ.”

“ಮೊಮ್ಮಗಳಿದ್ದಾಳಲ್ಲ ದೊಡ್ಡಮ್ಮ.”

“ಅವಳು ಟೀಚರಮ್ಮ. ಇಸ್ಕೂಲಲ್ಲಿ ಮಕ್ಕಳಿಗೆ ಅಳಬ್ಯಾಡ್ರಿ ಅಂತ ಹೇಳೋಳು. ಅವಳಿಗೆ ಇದೆಲ್ಲ ನಾಚಿಕೆ. ಹೇಳ್ಕೊಟ್ಟು ಬರೋ ವಿದ್ಯೆನೂ ಅಲ್ಲ.” ನನ್ನ ಕಡೆ ತಿರುಗಿದಳು. “ನೀನೇ ಅಳು.”

“ಗಂಡಸ್ರು ಹಾಡ್ಕೊಂಡು ಅಳಲ್ಲ.”

“ಬರ್ಕೊಂಡು ಅಳು ಮತ್ತೆ!” ಎಂದು ನಕ್ಕಳು. ಆ ನಗೆ ಪೂರ್ತಿ ನಗೆಯಾಗಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವಳು ಮಲಗಿದಲ್ಲಿಯೇ ಹೋದಳು. ಅವಳು ಹೇಳಿದ್ದಂತೆಯೇ ಎಲ್ಲವೂ ನಡೆಯುತ್ತಿತ್ತು. ಬಾಗಿಲಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಆಧಾರ್ ಕಾರ್ಡಿನ ಫೋಟೊ ದೊಡ್ಡದು ಮಾಡಿ, ಕೆಳಗೆ ಎಲ್ಲರಿಗೂ ಹಾಕುವ ಅದೇ ಸಾಲು. ಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ಯಾರದ್ದೋ ಮೊಬೈಲಿನಿಂದ ಮಂತ್ರ. ಹೆಂಗಸರು ಕರ್ಚೀಫಿನಿಂದ ಮೂಗೊತ್ತಿಕೊಳ್ಳುತ್ತ, “ಒಳ್ಳೇ ಸಾವು, ಪುಣ್ಯವಂತೆ” ಎನ್ನುತ್ತಿದ್ದರು. ಊರೆಲ್ಲ ಒಂದೇ ಅಳತೆಯ ರವಿಕೆ. ಮೊಮ್ಮಗಳು ತಲೆಯ ಬಳಿ ಬೆನ್ನು ನೆಟ್ಟಗೆ ಮಾಡಿಕೊಂಡು, ಬಂದವರಿಗೆಲ್ಲ ಕೈಮುಗಿಯುತ್ತ ಕುಳಿತಿದ್ದಳು. ಹೊರಗಿನ ಬೆಂಚಿನಿಂದ ನನಗೆ ಅವಳ ಮುಖ ಕಾಣಿಸುತ್ತಿತ್ತು. ಬಹಳ ವರ್ಷಗಳ ಹಿಂದೆ ಗೋಡೆಗೊರಗಿ ಚಪ್ಪಲಿಗಳನ್ನು ನೋಡುತ್ತಿದ್ದ ಆ ಸೊಸೆಯ ಮುಖದಂತೆಯೇ ಅದು ಒಣಗಿತ್ತು.

ನಾನು ಎದ್ದು ಒಳಗೆ ಹೋದೆ. ಹೆಂಗಸರು ಬೆರಗಿನಿಂದ ಸರಿದು ದಾರಿ ಬಿಟ್ಟರು. ಮೊಬೈಲನ್ನು ಆರಿಸಲು ಹೇಳಿ, ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕುಳಿತೆ. ನನಗೆ ರಾಗ ಬಾರದು. ಗ್ರಾಮಸಭೆಯ ನಡಾವಳಿ ಓದುವವನ ದನಿಯಲ್ಲಿಯೇ ಹೇಳಿದೆ:

“ದೊಡ್ಡಮ್ಮ, ಬಾಯಲ್ಲಿ ಏಲಕ್ಕಿ ಇಲ್ದೆ ಒಂದು ಮಾತೂ ಆಡ್ದೋಳಲ್ಲ ನೀನು. ಇವತ್ತು ಏಲಕ್ಕಿ ಇಲ್ದೆ ಹೆಂಗೆ ಮಲಗಿದೀಯೆ?”

ಮುದುಕನಿಗೆ ಮರೆವು ಎಂದು ಯಾರೋ ಪಕ್ಕದವರಿಗೆ ಹೇಳಿದ್ದು ಕೇಳಿಸಿತು. ಮೊಮ್ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

“ಏಲಕ್ಕಿ ಅಲ್ಲ ತಾತ,” ಎಂದಳು. “ಲವಂಗ.”

ನಮ್ಮ ಕಡೆ ಅಜ್ಜಿಯನ್ನು ಅವ್ವ ಎನ್ನುತ್ತಾರೆ. ಮೊಮ್ಮಗಳು ಪೆಟ್ಟಿಗೆಯ ಗಾಜಿನ ಮೇಲೆ ಅಂಗೈ ಇಟ್ಟಳು. ಮುಂದಿನ ಮಾತು ಮಾತಾಗಿ ಶುರುವಾಗಿ, ಎಲ್ಲಿ ಎಂದು ತಿಳಿಯದಂತೆ ರಾಗವಾಗಿ ತಿರುಗಿತು:

“ಲವಂಗ ಅಲ್ವೇನವ್ವಾ... ಕಣ್ಣು ತುಂಬಿದಾಗೆಲ್ಲ ಕಚ್ಕೊಂತಿದ್ದ ಲವಂಗ ಅಲ್ವೇನವ್ವಾ... ನಾನು ಅತ್ರೆ ಮಾತು ನಿಂತೋಗ್ತೈತೆ, ಊರೋರ ಅಳು ಅರ್ಧಕ್ಕೇ ನಿಂತೋಗ್ತೈತೆ ಅಂತ ಕಚ್ತಿದ್ಯಲ್ಲವ್ವಾ... ನಮ್ಮಮ್ಮನ್ನ ಮಲಗಿಸಿದ ದಿನ ಸೆರಗಿನ ಗಂಟೆಲ್ಲ ಬಿಚ್ಚಿ ಕಚ್ಚಿದ್ಯಲ್ಲವ್ವಾ... ನಾಲಿಗೆ ಬೆಂದು ಮುದ್ದೆ ನುಂಗಕ್ಕಾಗ್ದೆ, ಮಜ್ಜಿಗೆ ಕುಡ್ಕೊಂಡು ನಂಗೆ ತುತ್ತಿಟ್ಯಲ್ಲವ್ವಾ... ಕಲ್ಲು ಅಂದ್ರಲ್ಲವ್ವಾ ನಿನ್ನ... ಕಲ್ಲು ಅಂದ್ರಲ್ಲವ್ವಾ...”

ಆ ಮಾತನ್ನು ಅಂದಿದ್ದ ಹೆಂಗಸರಲ್ಲಿ ಇಬ್ಬರು ಮೂವರು ಅಲ್ಲಿಯೇ ಇದ್ದರು. ಅವರೇ ಮೊದಲು ಅವಳ ಸುತ್ತ ಬಂದು ಕುಳಿತು ದನಿ ಸೇರಿಸಿದರು. ನಾನು ಎದ್ದು ಬೆಂಚಿಗೆ ಹಿಂದಿರುಗಿದೆ. ಅಲ್ಲಿ ನನಗೆ ಇನ್ನು ಕೆಲಸವಿರಲಿಲ್ಲ.

ನೇರವಾಗಿ ಎಷ್ಟು ಸಲ ಕೇಳಿದರೂ ನನಗೆ ಸಿಗದಿದ್ದ ಉತ್ತರ ಅದು. ಪಕ್ಕದ ಮನೆಯಲ್ಲಿದ್ದುಕೊಂಡು, ಒಂದು ಗೋಡೆಯ ಈಚೆ, ಅವಳ ಮಾತುಗಳನ್ನೆಲ್ಲ ಅನುಮಾನಿಸುತ್ತ ನಾನು ಆಯಸ್ಸು ಕಳೆದೆ. ಆ ಅನುಮಾನಕ್ಕೆ ಅನ್ನವಿಟ್ಟವಳೂ ಅವಳೇ. ಇಂದು ನನ್ನ ಪುಸ್ತಕಗಳಲ್ಲಿ ಓಡಾಡುವ ಮನುಷ್ಯರಲ್ಲಿ ಅವಳು ಕಲಿಸಿದ ಆ ತಪ್ಪು ಮಾತಿನಿಂದ ಹುಟ್ಟದವರು ಒಬ್ಬರೂ ಇಲ್ಲ.

ತಿಥಿಯ ದಿನ ಊಟ ಮುಗಿದ ಮೇಲೆ ಮೊಮ್ಮಗಳು ನನಗೆ ಎಲೆಯಡಿಕೆಯ ತಟ್ಟೆ ತಂದಳು. ತಟ್ಟೆಯ ಅಂಚಿನಲ್ಲಿ ಎರಡು ಲವಂಗ ಇಟ್ಟಿದ್ದಳು.

“ತಾತ, ಅವತ್ತು ಲವಂಗ ಅಂತ ನಿಮಗೆ ಗೊತ್ತಿತ್ತು ಅಲ್ವಾ?”

“ಗೊತ್ತಿತ್ತಮ್ಮ.”

“ನಿಮಗೆ ಗೊತ್ತು ಅಂತ ನಂಗೂ ಗೊತ್ತಿತ್ತು.”

“ಮತ್ತೆ ಯಾಕೆ ತಿದ್ದಿದೆ?”

ಅವಳು ಒಂದು ಲವಂಗವನ್ನು ತಾನೇ ತೆಗೆದು ಬಾಯಿಗೆ ಹಾಕಿಕೊಂಡಳು.

“ಅವ್ವನ ವಿಷಯದಲ್ಲಿ ತಪ್ಪು ಹೇಳಿದ್ರೆ ಸುಮ್ನಿರಕ್ಕಾಗ್ತದಾ ತಾತ?”